‘ಶ್ರುತಿ ಸೇರಿಲ್ಲ’ ಎಂದವರ ಕಿವಿ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಶಿರಸಿ ಸುತ್ತಲಿನ ಹಳ್ಳಿಗಳಿಂದ ಬಂದಿದ್ದೀರಿ. ತುಂಬಾ ಸಂತೋಷ.

ಹೋದ ತಿಂಗಳು ಇದೇ ಜಗುಲಿಯಲ್ಲಿ ಕೂತು ಜ್ಯೋರ್ಜ್ ಲಿಗೆಟಿ ಎಂಬ ಸಂಗೀತ ರಚನಕಾರನ ವಯಲಿನ್ ಕಾನ್ಸರ್ಟೊ ಕೇಳಿದೆವು. ಕಾನ್ಸರ್ಟೊ ಅಂದರೆ ಮುಂದೆ ಒಬ್ಬ ವಾದಕ, ಹಿಂದೆ ವಾದ್ಯವೃಂದ. ಐದು ಭಾಗ, ಸುಮಾರು ಅರ್ಧ ಗಂಟೆ. ಆವತ್ತು ನೀವು ಏನೇನು ಹೇಳಿದಿರಿ ಅಂತ ಮನೆಗೆ ಹೋದ ಕೂಡಲೇ ಬರೆದಿಟ್ಟುಕೊಂಡಿದ್ದೆ. ಇವತ್ತು ನಾನು ಮಾತಾಡುವುದು ಆ ಮಾತುಗಳ ಬಗ್ಗೆಯೇ.

ಶುರುವಾಗಿ ಒಂದು ನಿಮಿಷ ಆಗಿರಲಿಲ್ಲ. ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: “ತಮಾ, ಇದು ಶುರು ಆಗೋತಾ, ಅಲ್ಲ ಇನ್ನೂ ಶ್ರುತಿ ಮಾಡದೇಯಾ?” ಸುಮಾರು ಜನ ನಕ್ಕರು. ನನಗೆ ಮೈ ಜುಂ ಅಂತು. ಯಾಕೆಂದರೆ ಅವರು ಕೇಳಿಸಿಕೊಂಡದ್ದು ನೂರಕ್ಕೆ ನೂರು ಸರಿ. ಅಲ್ಲಿ ವಯಲಿನ್ ವಾದಕ ಬೆರಳು ಒತ್ತದೆ ಬಿಟ್ಟ ತಂತಿಗಳ ಮೇಲೆ ಕಮಾನನ್ನು ಸುಮ್ನೆ ತಾಗಿಸುತ್ತಾನೆ. ಕಿವಿಗೆ ಬಿದ್ದೂ ಬೀಳದ ಹಾಗೆ. ನಮ್ಮ ಬೈಠಕ್‌ಗಳಲ್ಲಿ ಕಲಾವಿದರು ತಂತಿ ಸರಿಮಾಡಿಕೊಳ್ಳುವಾಗ ಬರುವ ಸದ್ದೇ ಅದು.

ಸ್ವಲ್ಪ ಹೊತ್ತಿಗೆ ಇನ್ನೊಂದು ಮಾತು ಬಂತು, ಈ ಸಲ ತಕರಾರಿನ ದನಿಯಲ್ಲಿ: “ಹಿಂದಿನವರದ್ದು ಶ್ರುತಿ ಸೇರಿಲ್ಲ, ಬೇಸುರ್ ಆಗ್ತಾ ಇದೆ.” ಇದೂ ಸರಿಯೇ! ಆ ವೃಂದದಲ್ಲಿ ಒಂದು ವಯಲಿನ್ ಮತ್ತು ಒಂದು ವಿಯೋಲಾವನ್ನು (ವಯಲಿನ್‌ಗಿಂತ ತುಸು ದೊಡ್ಡ ವಾದ್ಯ) ಉಳಿದವರಿಗಿಂತ ಬೇರೆಯಾಗಿ ಶ್ರುತಿ ಮಾಡಬೇಕು ಅಂತ ಲಿಗೆಟಿಯೇ ಬರೆದಿಟ್ಟಿದ್ದಾನೆ. ಶ್ರುತಿಯನ್ನು ಎಲ್ಲಿಂದ ತೆಗೆದುಕೊಳ್ಳಬೇಕು? ಡಬಲ್ ಬಾಸ್ ಎಂಬ ಆಳೆತ್ತರದ ವಾದ್ಯದ ತಂತಿಯಿಂದ. ದಪ್ಪ ತಂತಿ ಮೀಟಿದಾಗ ಮೂಲ ಸ್ವರದ ಜೊತೆ ಮೇಲೆ ಸಣ್ಣಗೆ ಬೇರೆ ಸ್ವರಗಳೂ ತಾವಾಗಿಯೇ ಹುಟ್ಟುತ್ತವಲ್ಲ, ಅವುಗಳಿಂದ.

ಇದು ನಮಗೆ ಹೊಸದಾ? ಇಲ್ಲಿ ತಂಬೂರಿ ಹಿಡಿದವರು ಎಷ್ಟು ಜನ ಇದ್ದೀರಿ! ಜವಾರಿ, ಅಂದರೆ ತಂತಿಗೆ ಝೇಂಕಾರ ಕೊಡುವ ಕುದುರೆಯ ಹದ, ಚೆನ್ನಾಗಿ ಕೂತ ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಷಡ್ಜದ ತಂತಿ ಮೀಟಿ, ಕಿವಿಯನ್ನು ಕುಂಬಳದ ಹತ್ತಿರ ಇಡಿ. ಯಾರೂ ನುಡಿಸದ ಗಾಂಧಾರ, ಸರಿಗಮದ ‘ಗ’, ಕೇಳುತ್ತದೆ. ಸ್ವಯಂಭೂ ಗಾಂಧಾರ ಅಂತ ಕರೆಯುತ್ತೇವಲ್ಲ, ಅದು. ಈಗ ಅದರ ಪಕ್ಕದಲ್ಲೇ ಹಾರ್ಮೋನಿಯಂನ ಗಾಂಧಾರ ಒತ್ತಿ. ಎರಡೂ ಕೂಡುವುದಿಲ್ಲ. ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿಗಳ, ಸ್ವರಗಳ ನಡುವಿನ ಅಂತರವನ್ನು 100 ಪಾಲು ಮಾಡಿದರೆ, ತಂಬೂರಿಯ ಗಾಂಧಾರ ಸುಮಾರು 14 ಪಾಲು ಕೆಳಗಿರುತ್ತದೆ. ಅಷ್ಟು ಸಣ್ಣ ವ್ಯತ್ಯಾಸ, ಆದರೆ ಒಮ್ಮೆ ಕಿವಿಗೆ ಬಿತ್ತೆಂದರೆ ಆಮೇಲೆ ಬಿಡುವುದಿಲ್ಲ. ರೇಡಿಯೊದಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ನಿಷೇಧ ಇತ್ತಲ್ಲ, ಅದರ ಹಿಂದಿದ್ದ ವಾದಗಳಲ್ಲಿ ಇದೂ ಒಂದು. ಆ ನಿಷೇಧ ತಪ್ಪು ಅಂತಲೇ ನನ್ನ ಅಭಿಪ್ರಾಯ. ಈ ಜಿಲ್ಲೆಯಲ್ಲಿ ಹಾರ್ಮೋನಿಯಂ ಇಲ್ಲದ ಸಂಗೀತವನ್ನು ನನಗೆ ಊಹಿಸಲೂ ಆಗುವುದಿಲ್ಲ. ಆದರೆ ಆ ಜಗಳ ಕಿವಿಯಲ್ಲಿ ಹುಟ್ಟಿದ್ದು ನಿಜ.

ಲಿಗೆಟಿ ಮಾಡಿದ್ದು ಇಷ್ಟೇ: ಪಿಯಾನೊ ಮನೆಗಳ ಲೆಕ್ಕದ ಸ್ವರವನ್ನೂ ತಂತಿಯಿಂದ ತಾನಾಗಿ ಹುಟ್ಟುವ ಸ್ವರವನ್ನೂ ಒಂದೇ ಚಾಪೆ ಮೇಲೆ ಕೂರಿಸಿದ. ಅವು ಉಜ್ಜಿಕೊಂಡಾಗ ಬರುವ ಸದ್ದೇ ನಿಮಗೆ ಬೇಸುರ್ ಅನ್ನಿಸಿದ್ದು. ಆ ತಕರಾರು ಮಾಡಿದವರು ಆವತ್ತು ಎಲ್ಲರಿಗಿಂತ ಚೆನ್ನಾಗಿ ಕೇಳಿದವರು ಅಂತ ನಾನು ನಂಬಿದ್ದೇನೆ.

ಲಿಗೆಟಿ ಹುಟ್ಟಿದ್ದು 1923ರಲ್ಲಿ, ಹಂಗೇರಿಯನ್ ಯಹೂದಿ ಮನೆತನದಲ್ಲಿ. ತಂದೆ ಮತ್ತು ತಮ್ಮ ನಾಜಿಗಳ ಶಿಬಿರಗಳಲ್ಲಿ ತೀರಿಕೊಂಡರು. 1956ರಲ್ಲಿ ಅವನು ದೇಶ ಬಿಟ್ಟ. ಈ ಕೃತಿಯನ್ನು ಸಾಷ್ಕೊ ಗಾವ್ರಿಲಾಫ್ ಎಂಬ ವಾದಕನಿಗಾಗಿ ಬರೆದ. 1990ರಲ್ಲಿ ಕಲೋನ್ ನಗರದಲ್ಲಿ ಮೂರು ಭಾಗ ನುಡಿಸಿದರು. ಅವನಿಗೆ ಸಮಾಧಾನ ಆಗಲಿಲ್ಲ. ಮತ್ತೆ ಕೂತು ತಿದ್ದಿ, 1992ರಲ್ಲಿ ಐದು ಭಾಗ ಮಾಡಿದ.

ಇನ್ನು ಎರಡನೇ ಭಾಗ. ವಯಲಿನ್ ಒಂದೇ, ಕೆಳಗಿನ ದಪ್ಪ ತಂತಿಯ ಮೇಲೆ ಉದ್ದನೆಯ ಹಾಡು ಹಾಡುತ್ತದೆ. ನೀವೆಲ್ಲ ಅಲುಗಾಡದೆ ಕೂತಿರಿ. ಕವಳ ಕಟ್ಟುತ್ತಿದ್ದ ಕೈ ಅರ್ಧದಲ್ಲೇ ನಿಂತಿದ್ದನ್ನು ನಾನು ನೋಡಿದೆ, ಸುಣ್ಣ ಬೆರಳ ತುದಿಯಲ್ಲೇ ಇತ್ತು. ಆಮೇಲೆ ಗಾಳಿವಾದ್ಯದವರು ತಮ್ಮ ವಾದ್ಯ ಕೆಳಗಿಟ್ಟು ಒಕರಿನಾ ಎತ್ತಿಕೊಂಡರು. ಅಂಗೈಯಲ್ಲಿ ಹಿಡಿದು ಊದುವ, ಮೊಟ್ಟೆ ಆಕಾರದ ಸಣ್ಣ ವಾದ್ಯ; ಹೆಚ್ಚಾಗಿ ಮಣ್ಣಿನದ್ದು. ಅಷ್ಟರಲ್ಲಿ ಮುಂದೆ ಕೂತಿದ್ದ ಅಜ್ಜಿ, “ಇದು ಮಾರಿಜಾತ್ರೆ ಪೀಪಿ!” ಅಂದರು. ಎಷ್ಟು ಸರಿಯಾಗಿ ಹೇಳಿದರು! ನಮ್ಮೂರ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಪೇಟೆಯಲ್ಲಿ ಹತ್ತು ಮಕ್ಕಳು ಒಟ್ಟಿಗೆ ಪೀಪಿ ಊದಿದರೆ ಒಂದಕ್ಕೊಂದು ಸ್ವರ ಸೇರುವುದಿಲ್ಲ. ಆದರೂ ದೂರದಿಂದ ಕೇಳಿದರೆ ಮನಸ್ಸು ಕಲಕುತ್ತದೆ ಅಲ್ವಾ? ಆ ದುಃಖದ ಹಾಡಿನ ಮೇಲೆ ಆ ಪೀಪಿಗಳ ದನಿ ಬಂದಾಗ ನನಗೆ ಗಂಟಲು ಕಟ್ಟಿತು. ಎಷ್ಟು ಸಲ ಕೇಳಿದರೂ ಕಟ್ಟುತ್ತದೆ.

ತಬಲಾದವರೊಬ್ಬರು ಕೊನೆಯವರೆಗೂ ತೊಡೆ ಮೇಲೆ ಬೆರಳಾಡಿಸುತ್ತ ಸಮ್, ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟು, ಹುಡುಕುತ್ತಿದ್ದರು. “ಲಯ ಇದೆ, ಸಮ್ ಮಾತ್ರ ಎಲ್ಲೂ ಇಲ್ಲ” ಅಂದರು. ಲಿಗೆಟಿಗೆ ಮಧ್ಯ ಆಫ್ರಿಕಾದ ಲಯಗಳ ಮೇಲೆ ತುಂಬಾ ಪ್ರೀತಿ ಇತ್ತು. ಬೇರೆ ಬೇರೆ ನಡೆಗಳನ್ನು ಒಂದರ ಮೇಲೊಂದು ಹೇರುತ್ತಾನೆ. ಎಲ್ಲರೂ ಕೂಡಿ ಇಳಿಯುವ ಜಾಗ ಸಿಗುವುದು ಕಷ್ಟ.

ಇಬ್ಬರು ಅರ್ಧಕ್ಕೇ ಎದ್ದು ಹೋದರು. ಅದರಲ್ಲಿ ತಪ್ಪೇನಿಲ್ಲ. 1881ರಲ್ಲಿ ಚೈಕೋವ್‌ಸ್ಕಿಯ ವಯಲಿನ್ ಕಾನ್ಸರ್ಟೊ ವಿಯೆನ್ನಾದಲ್ಲಿ ಮೊದಲು ಕೇಳಿದಾಗ ಹಾನ್ಸ್ಲಿಕ್ ಎಂಬ ದೊಡ್ಡ ವಿಮರ್ಶಕ ಕಿಡಿಕಾರಿದ್ದ. ಇಲ್ಲಿ ವಯಲಿನ್ ನುಡಿಸುತ್ತಿಲ್ಲ, ಹೊಡೆದು ಬಡಿದು ಮಾಡುತ್ತಿದ್ದಾರೆ ಎನ್ನುವ ಅರ್ಥದಲ್ಲಿ ಬರೆದ. ಇವತ್ತು ಅದೇ ಕೃತಿ ಜಗತ್ತಿನಲ್ಲೆಲ್ಲ ಜನರಿಗೆ ಅಚ್ಚುಮೆಚ್ಚು. ಸಿಟ್ಟು ಮಾಡಿಕೊಂಡ ಕಿವಿ ಕೇಳಿದ ಕಿವಿಯೇ.

ನನಗೆ ಬೇಜಾರಾದದ್ದು ಬೇರೆ ಒಂದು ಮಾತಿಗೆ. ಹೊರಡುವಾಗ ಕೆಲವರು, “ಚೆನ್ನಾಗಿತ್ತು, ಆದರೆ ಇದೆಲ್ಲ ನಮಗೆ ಅರ್ಥ ಆಗೋದಲ್ಲ ಬಿಡಿ” ಅಂದರು. ಯಕ್ಷಗಾನದ ಆಟಕ್ಕೆ ಹೋದಾಗ ನಾವು ಹೀಗೆ ಹೇಳುತ್ತೇವಾ? ಭಾಗವತರ ಪದ್ಯ ಏರಲಿಲ್ಲ, ಚಂಡೆ ಜಾಸ್ತಿಯಾಯಿತು, ಮೂರನೇ ವೇಷ ಅರ್ಥಗಾರಿಕೆಯಲ್ಲಿ ಸೋತಿತು ಅಂತ ಬೆಳಗಿನ ಜಾವ ಮನೆಗೆ ನಡೆಯುತ್ತ ದಾರಿಯುದ್ದಕ್ಕೂ ವಾದ ಮಾಡುತ್ತೇವೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಆ ಧೈರ್ಯವನ್ನು ಈ ಜಗುಲಿಗೂ ತನ್ನಿ ಅಂತ ಕೈಮುಗಿದು ಕೇಳುತ್ತೇನೆ.

ಈಗ ಎರಡನೇ ಭಾಗವನ್ನು ಇನ್ನೊಮ್ಮೆ ಕೇಳೋಣ. ಅದಕ್ಕೂ ಮೊದಲು ಆ ತಂಬೂರಿ ಸ್ವಲ್ಪ ಈ ಕಡೆ ಕೊಡಿ. ಫ್ಯಾನ್ ಆರಿಸಿ. ಮಳೆ ಕೂಡ ಒಂಚೂರು ಇಳಿದಿದೆ. ಖರ್ಜ ಮೀಟುತ್ತೇನೆ, ಗಾಂಧಾರ ಕೇಳಿದವರು ಕೈ ಎತ್ತಿ.