ಇಂಡಿಯಾ ಮಿಲ್ ಇರುವ ಊರು ಡಾರ್ವೆನ್

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಬೋಲ್ಟನ್ನಿನಿಂದ ಬ್ಲ್ಯಾಕ್‌ಬರ್ನ್ ಕಡೆಗೆ ಹೋಗುವ ರೈಲು ಒಂದು ಸುರಂಗ ದಾಟಿ ಹೊರಬಿದ್ದರೆ ಸಿಗುವ ಊರು ಡಾರ್ವೆನ್. ಇಕ್ಕಟ್ಟಾದ ಕಣಿವೆ, ಎರಡೂ ಮಗ್ಗುಲಿಗೆ ಮರಗಳಿಲ್ಲದ ಗುಡ್ಡ, ಇಳಿಜಾರಿಗೆ ಆತುಕೊಂಡ ಕಲ್ಲಿನ ಸಾಲುಮನೆಗಳು. ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು 303 ಅಡಿ ಎತ್ತರದ ಇಟ್ಟಿಗೆಯ ಚಿಮಣಿ. ಇಟಲಿಯ ಗಂಟೆಗೋಪುರದ ಮಾದರಿಯಲ್ಲಿ ಗಿರಣಿ ಮಾಲೀಕ ಎಕ್ಲಿಸ್ ಶೊರಾಕ್ ಕಟ್ಟಿಸಿದ್ದು, ಮುಗಿದದ್ದು 1867ರಲ್ಲಿ. ಆ ಹತ್ತಿ ಗಿರಣಿಯ ಹೆಸರು ಇಂಡಿಯಾ ಮಿಲ್. ಹೆಸರು ಸುಮ್ಮನೆ ಬಂದದ್ದಲ್ಲ. ಈ ಊರಿನ ಅನ್ನದ ಬಹುಪಾಲು ಅಲ್ಲಿನ ಬಟ್ಟೆ ಕೊಳ್ಳುವ ನಮ್ಮ ದೇಶದ ಪೇಟೆಯಿಂದ ಹುಟ್ಟುತ್ತಿತ್ತು.

ಒಣಹವೆಯಲ್ಲಿ ಹತ್ತಿಯ ನೂಲು ಬೇಗ ಹರಿಯುತ್ತದೆ. ಡಾರ್ವೆನ್ನಿನಲ್ಲಿ ಮಳೆ, ತೇವ, ಹೊಳೆ, ಹತ್ತಿರದಲ್ಲೇ ಕಲ್ಲಿದ್ದಲು ಎಲ್ಲವೂ ಇದ್ದವು. ಇಲ್ಲದ್ದು ಅರಳೆ ಮಾತ್ರ. ಅದು ಅಮೆರಿಕದಿಂದ ಬರಬೇಕಿತ್ತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಡಾರ್ವೆನ್ ಇರುವ ಲ್ಯಾಂಕಾಷೈರ್ ಸೀಮೆಯ ಗಿರಣಿಗಳು ಒಂದೊಂದಾಗಿ ನಿಂತವು. ಆಗ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡದ ಮೇಲೆ ಬಿತ್ತು. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ 1840ರ ದಶಕದಲ್ಲೇ ಅಮೆರಿಕನ್ ಬೀಜ ಬಿತ್ತಿ ನೋಡಿದ್ದರು; ‘ಧಾರವಾಡ-ಅಮೆರಿಕನ್’ ಎಂಬ ತಳಿ ಸುತ್ತಲ ಎರೆಭೂಮಿಗೆ ಹಬ್ಬಿತ್ತು. ಆ ಅರಳೆ ಸಾಗಿಸಲೆಂದೇ ಕಾರವಾರ ಬಂದರನ್ನು ಬೆಳೆಸಬೇಕೆಂದು ಮ್ಯಾಂಚೆಸ್ಟರಿನವರು ಪಟ್ಟುಹಿಡಿದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಈ ಒತ್ತಾಯವಿತ್ತು.

ಆದರೆ ಭಾರತದ ಅರಳೆಯ ಎಳೆ ಗಿಡ್ಡ. ಕಸ, ಬೀಜದ ಚೂರು ಬೇರೆ. ಎಲ್ಲಕ್ಕೂ ‘ಸೂರತ್’ ಎಂದೇ ಹೆಸರಿಟ್ಟ ಅಲ್ಲಿನ ಕೆಲಸಗಾರರು ಅದನ್ನು ಶಪಿಸಿದರು. ನೂಲು ಹರಿದಷ್ಟು ಸಲ ಮಗ್ಗ ನಿಲ್ಲಬೇಕು, ನೇಯ್ದಷ್ಟಕ್ಕೇ ಕೂಲಿ. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಬಡಕಲು ಹಾಸುನೂಲಿಗೆ ಬಲ ಬರಲೆಂದು ಮಾಲೀಕರು ಹಿಟ್ಟಿನ ಗಂಜಿಯ ಜೊತೆಗೆ ಬಿಳಿ ಜೇಡಿಯನ್ನೂ ಬೆರೆಸಿದರು. ಬಟ್ಟೆ ತೂಕ ಬಂತು, ಒಗೆದರೆ ಜಾಳುಜಾಳು. ಜೇಡಿ ಹತ್ತಿದ ನೂಲು ಬಿರುಸಾಗದಿರಲು ಮಗ್ಗದ ಶೆಡ್ಡಿನೊಳಗೆ ಹಬೆ ಬಿಡುತ್ತಿದ್ದರು. ಬೆವರಿ ತೊಯ್ದು ಹೊರಗಿನ ಚಳಿಗೆ ಕಾಲಿಡುವ ನೇಕಾರರ ಎದೆ ಕೆಡುತ್ತಿತ್ತು. ಹಬೆಗೆ ಕಾನೂನಿನ ಮಿತಿ ಬಿದ್ದದ್ದು 1889ರಲ್ಲಿ.

ಮಗ್ಗದ ಮುಂದೆ ನಿಂತವರಲ್ಲಿ ಹೆಂಗಸರೇ ಹೆಚ್ಚು. ಒಬ್ಬೊಬ್ಬರಿಗೆ ನಾಲ್ಕು ಮಗ್ಗ. ನೂಲು ಸುತ್ತಿದ ಕಂಡಿಕೆ ಮುಗಿದೊಡನೆ ಲಾಳಿ ತೆಗೆದು, ಹೊಸ ಕಂಡಿಕೆ ಸಿಕ್ಕಿಸಿ, ಲಾಳಿಯ ತೂತಿಗೆ ಬಾಯಿಟ್ಟು ಹೊಕ್ಕಿನ, ಅಂದರೆ ಅಡ್ಡನೂಲಿನ, ಎಳೆಯನ್ನು ಉಸಿರಿನಿಂದ ಹೊರಗೆಳೆಯಬೇಕು. ಒಂದೇ ಲಾಳಿಗೆ ಹಲವರ ಬಾಯಿ; ದೂಳು, ಎಣ್ಣೆ, ರೋಗ ಎಲ್ಲ ಒಳಗೆ. ಇದಕ್ಕೆ ಕಾನೂನು ತಡೆ ಹಾಕಿದ್ದು 1952ರಲ್ಲಿ. ಎಷ್ಟು ತಡ! ಒಂದು ಮಾತು ಮಾತ್ರ ಮೆಚ್ಚಬೇಕು. ನೇಯ್ಗೆಯ ಕೂಲಿಪಟ್ಟಿಯಲ್ಲಿ ಗಂಡಿಗೂ ಹೆಣ್ಣಿಗೂ ದರ ಒಂದೇ ಇತ್ತು, ಮದುವೆಯಾದ ಮೇಲೂ ಹೆಂಗಸರು ಗಿರಣಿ ಬಿಡುತ್ತಿರಲಿಲ್ಲ. ಅಲ್ಲಿನ ಹೆಂಗಸರ ನೇರನುಡಿಗೆ ಈ ಸ್ವಂತ ಸಂಪಾದನೆಯೂ ಒಂದು ಕಾರಣ ಎನ್ನಬೇಕು.

1913ರಲ್ಲಿ ಬ್ರಿಟನ್ನಿನಿಂದ ಭಾರತಕ್ಕೆ ಬಂದ ಹತ್ತಿಬಟ್ಟೆ ಸುಮಾರು 300 ಕೋಟಿ ಗಜ. 1931ರ ಹೊತ್ತಿಗೆ ಅದು 50 ಕೋಟಿಗೂ ಕೆಳಗಿಳಿದಿತ್ತು. ಮುಂಬಯಿ, ಅಹಮದಾಬಾದಿನ ಗಿರಣಿಗಳು, ಜಪಾನಿನ ಅಗ್ಗದ ಬಟ್ಟೆ, ಆಮದು ಸುಂಕ, ಇವುಗಳ ಮೇಲೆ ವಿದೇಶಿ ಬಟ್ಟೆಯ ಬಹಿಷ್ಕಾರ. ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದ ಗಾಂಧೀಜಿ ಆ ಸೆಪ್ಟೆಂಬರಿನಲ್ಲಿ ಡಾರ್ವೆನ್ನಿಗೇ ಹೋದರು. ಗ್ರೀನ್‌ಫೀಲ್ಡ್ ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಜಯಕಾರ ಹಾಕುತ್ತಿರುವ ಚಿತ್ರ ಲೋಕಪ್ರಸಿದ್ಧ. ನಿರುದ್ಯೋಗಿಗಳ ಕಷ್ಟಕ್ಕೆ ಅವರು ಮರುಗಿದರು. ಭಾರತದ ಹಳ್ಳಿಗಳ ಹಸಿವು ಇದಕ್ಕಿಂತ ದೊಡ್ಡದೆಂದೂ ಮುಖಕ್ಕೇ ಹೇಳಿದರು. ಬಹಿಷ್ಕಾರವನ್ನು ಹಿಂತೆಗೆಯುವ ಆಶ್ವಾಸನೆ ಕೊಡಲಿಲ್ಲ.

ಆಮೇಲೆ ಊರು ಕೈಚೆಲ್ಲಿ ಕೂರಲಿಲ್ಲ. ಗೋಡೆಕಾಗದ, ಬಣ್ಣ, ಪರ್ಸ್‌ಪೆಕ್ಸ್ ಎಂಬ ಗಾಜಿನಂಥ ಪ್ಲಾಸ್ಟಿಕ್ಕು ಕೆಲಸ ಕೊಟ್ಟವು. ಆದರೂ 1911ರಲ್ಲಿ 40 ಸಾವಿರದ ಹತ್ತಿರವಿದ್ದ ಜನಸಂಖ್ಯೆ 2011ರಲ್ಲಿ ಸುಮಾರು 28 ಸಾವಿರ. 1960ರ ದಶಕದಲ್ಲಿ ಗುಜರಾತ್, ಪಂಜಾಬಿನ ಕಡೆಯಿಂದ ಕೆಲಸಕ್ಕೆ ಬಂದವರು ಹೆಚ್ಚಾಗಿ ನೆಲೆಸಿದ್ದು ಪಕ್ಕದ ಬ್ಲ್ಯಾಕ್‌ಬರ್ನಿನಲ್ಲಿ; ಡಾರ್ವೆನ್ ಬಹುಮಟ್ಟಿಗೆ ಬಿಳಿಯರ ಊರಾಗಿಯೇ ಉಳಿಯಿತು. 1974ರಿಂದ ಎರಡೂ ಊರುಗಳ ಆಡಳಿತ ಒಂದೇ. ಡಾರ್ವೆನ್ನಿನವರು ಮಾತ್ರ ಇಂದಿಗೂ ತಮ್ಮನ್ನು ಬ್ಲ್ಯಾಕ್‌ಬರ್ನಿನವರೆಂದು ಕರೆದರೆ ಒಪ್ಪುವುದಿಲ್ಲ.

ನಮಸ್ಕಾರ.