ಕೂತ ಹೊತ್ತು, ಎದ್ದ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಬಿಡುವಿದ್ದಾಗ ಚಿತ್ರ ಬರೆಯುವವರು, ಕಸೂತಿ ಹಾಕುವವರು, ಮಣ್ಣು ಮಿದ್ದು ಏನಾದರೊಂದು ಮಾಡುತ್ತ ಕೂರುವವರು ಈ ಮಾತನ್ನು ಕೇಳಿಯೇ ಇರುತ್ತೀರಿ: "ಎಷ್ಟು ಚೆನ್ನಾಗಿದೆ! ಇದನ್ನ ಮಾರಬಹುದಲ್ಲ?" ಹೇಳಿದವರು ಹೇಳಿ ಹೋಗುತ್ತಾರೆ, ನಮ್ಮ ತಲೆಗೆ ಹುಳು ಹೊಕ್ಕಿರುತ್ತದೆ.

ಮೊದಲ ಚಿತ್ರ ಮಾರಿದ ದಿನವೇ ಹವ್ಯಾಸ ಕಸುಬಾಯಿತು ಅಂತ ಹಲವರು ತಿಳಿಯುತ್ತಾರೆ. ನಾನು ಒಪ್ಪುವುದಿಲ್ಲ. ಕೆಲಸಕ್ಕೆ ಕೂತ ಹೊತ್ತು, ಎದ್ದ ಹೊತ್ತು ಎರಡನ್ನೂ ಬರೆದಿಡಲು ಶುರುಮಾಡಿದ ದಿನ ಅದು ಕಸುಬು. ಹವ್ಯಾಸಕ್ಕೆ ಗಡಿಯಾರ ಬೇಡ. ರಾತ್ರಿ ಎರಡಾದರೂ ಕೇಳುವವರಿಲ್ಲ. ಕಸುಬಿನಲ್ಲಿ ಮಾತ್ರ ಬರೆಯದ ಗಂಟೆಯೆಲ್ಲ ಬಿಟ್ಟಿ ಚಾಕರಿ. ಚಿತ್ರದ ಫೋಟೊ ತೆಗೆದದ್ದು, ಡಬ್ಬಿಗೆ ಹಾಕಿ ಕಟ್ಟಿದ್ದು, ಕೊಳ್ಳದೇ ಹೋದವರ ಹತ್ತು ಪ್ರಶ್ನೆಗೆ ಉತ್ತರ ಕೊಟ್ಟದ್ದು, ಎಲ್ಲವೂ ಗಂಟೆಗಳೇ.

ಬೆಲೆ ಕಟ್ಟುವಾಗ ಬಹಳ ಜನ ಸಾಮಗ್ರಿಯ ಖರ್ಚಿನ ಮೇಲೆ ಒಂದಿಷ್ಟು ಸೇರಿಸಿ ಸುಮ್ಮನಾಗುತ್ತಾರೆ. ಗಂಟೆಯ ಕೂಲಿ ಸೇರಬೇಕು, ಕೆಟ್ಟುಹೋದ ಪ್ರಯತ್ನಗಳ ಪಾಲೂ ಸೇರಬೇಕು. ಒಲೆಯಲ್ಲಿ ಸುಡುವಾಗ ಹತ್ತು ಕುಡಿಕೆಗಳಲ್ಲಿ ಎರಡು ಬಿರುಕು ಬಿಟ್ಟರೆ, ಆ ಎರಡರ ಖರ್ಚನ್ನು ಉಳಿದ ಎಂಟೇ ಹೊರಬೇಕು.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ನಿಮ್ಮ ಕೈಗೆ 600 ಬರಬೇಕು, ಮಾರಿಕೊಡುವ ಅಂಗಡಿಯ ಕಮಿಷನ್ ಶೇಕಡಾ 40 ಎಂದಿಟ್ಟುಕೊಳ್ಳಿ. 600ಕ್ಕೆ ಶೇಕಡಾ 40 ಸೇರಿಸಿ 840 ಅಂತ ಚೀಟಿ ಅಂಟಿಸುತ್ತೀರಿ. ಅಂಗಡಿಯವರು ಶೇಕಡಾ 40 ಹಿಡಿಯುವುದು 840ರ ಮೇಲೆ. ನಿಮಗೆ ಸಿಗುವುದು 504. ಚೀಟಿಯ ಮೇಲೆ 1000 ಇದ್ದರೆ ಮಾತ್ರ 600 ಬರುತ್ತದೆ. ಹಾಗಂತ ನೀವೇ ನೇರವಾಗಿ ಮಾರುವಾಗ 600ಕ್ಕೆ ಕೊಡಲು ಹೋಗಬೇಡಿ. ಅಂಗಡಿಯವರಿಗೆ ಗೊತ್ತಾದರೆ ಮುಂದಿನ ಸಲ ನಿಮ್ಮ ಕೃತಿಗೆ ಕಪಾಟಿನಲ್ಲಿ ಜಾಗವಿರುವುದಿಲ್ಲ.

ಮೂಲ ಚಿತ್ರ ಒಂದೇ ಸಲ ಮಾರಾಟವಾಗುತ್ತದೆ, ಅದರ ಪ್ರಿಂಟುಗಳು ಹಲವು ಸಲ. ಆದರೆ ಪರದೆಯ ಮೇಲೆ ಚೆಂದ ಕಂಡದ್ದೆಲ್ಲ ಕಾಗದಕ್ಕೆ ಹಾಗೇ ಇಳಿಯುವುದಿಲ್ಲ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಮುದ್ರಣ ಶಾಯಿಯಿಂದ. ಹೊಳೆಯುವ ನೀಲಿ, ಹಸಿರು ಅಲ್ಲಿ ಮಂಕಾಗುತ್ತವೆ. ಎ4 ಅಳತೆಗೆ, ಇಂಚಿಗೆ 300 ಚುಕ್ಕೆಯಂತೆ, ಸುಮಾರು 2480 ಅಗಲ, 3508 ಎತ್ತರದ ಪಿಕ್ಸೆಲ್ ಬೇಕು. ಮೊದಲು ಒಂದೇ ಪ್ರತಿ ತೆಗೆಸಿ, ಹಗಲ ಬೆಳಕಿನಲ್ಲಿ ಹಿಡಿದು ನೋಡಿ. ಇನ್ನು ಪ್ರಿಂಟಿನ ಕೆಳಗಡೆ 3/50, ಅಂದರೆ ಒಟ್ಟು ಐವತ್ತರಲ್ಲಿ ಮೂರನೆಯ ಪ್ರತಿ, ಅಂತ ಬರೆದಿರೋ, ಐವತ್ತೊಂದನೆಯದನ್ನು ತೆಗೆಸುವ ಹಾಗಿಲ್ಲ. ಎಷ್ಟೇ ಬೇಡಿಕೆ ಬರಲಿ!

ಹಕ್ಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ಚಿತ್ರ ಮಾರಿದರೆ ಹೋಗುವುದು ಆ ಹಾಳೆ. ಬರೆದು ಕೊಡದ ಹೊರತು, ಸಾಮಾನ್ಯವಾಗಿ ನಕಲು ತೆಗೆಯುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಇದು ಪುಕ್ಕಟೆ ಬಂದ ಹಕ್ಕಲ್ಲ. ಇಂಗ್ಲೆಂಡಿನ ವಿಲಿಯಂ ಹೋಗಾರ್ತ್‌ನ ಅಚ್ಚುಚಿತ್ರಗಳನ್ನು ನಕಲುಗಾರರು ಅಗ್ಗವಾಗಿ ಮಾರುತ್ತಿದ್ದರು. ಆತ ಇತರ ಕಲಾವಿದರ ಜೊತೆ ಸೇರಿ ಸಂಸತ್ತಿನ ಬಾಗಿಲು ಬಡಿದ. 1735ರಲ್ಲಿ ಕಾನೂನು ಬಂತು, 14 ವರ್ಷದ ರಕ್ಷಣೆ ಸಿಕ್ಕಿತು. ಅದು ಜಾರಿಯಾಗುವವರೆಗೂ ತನ್ನ ಹೊಸ ಚಿತ್ರಮಾಲೆಯನ್ನು ಹೊರಗೇ ಬಿಡದೆ ಕಾದ. ಕುಂಚ ಹಿಡಿದವನಿಗೆ ವ್ಯಾಪಾರ ಬರುವುದಿಲ್ಲ ಅನ್ನುವವರು ಇವನ ಕತೆ ಕೇಳಿಲ್ಲ.

ಉಳಿದದ್ದು ದಾಕ್ಷಿಣ್ಯ. ಹೇಳಿ ಮಾಡಿಸಿಕೊಳ್ಳುವವರಿಂದ ಅರ್ಧ ಹಣ ಮುಂಗಡ ಪಡೆಯಿರಿ, ಎಷ್ಟು ಸಲ ತಿದ್ದಿಕೊಡುತ್ತೀರೆಂದು ಮೊದಲೇ ಬರೆದುಕೊಡಿ. ಅಪರಿಚಿತರ ಹತ್ತಿರ ಇದು ಸುಲಭ. "ನಿನಗೇನು, ಒಂದು ಗಂಟೆಯ ಕೆಲಸ" ಅನ್ನುವ ನೆಂಟರ ಹತ್ತಿರ ಬಾಯಿ ಕಟ್ಟುತ್ತದೆ. ಅವರಿಗೆ ಕೊಡಲೇಬೇಡಿ ಅನ್ನುವಷ್ಟು ಕಠಿಣ ನಾನಲ್ಲ. ಕೊಡಿ, ಆದರೆ ಪುಸ್ತಕದಲ್ಲಿ ಬರೆಯಿರಿ.

ಜರ್ಮನಿಯ ಮಹಾ ಕಲಾವಿದ ಆಲ್ಬ್ರೆಖ್ಟ್ ಡ್ಯೂರರ್ ಹಾಗೇ ಮಾಡಿದ್ದ. 1520ರಲ್ಲಿ ಹೆಂಡತಿ ಆಗ್ನೆಸ್ ಜೊತೆ, ಅಚ್ಚುಚಿತ್ರಗಳ ಕಟ್ಟು ಹೊತ್ತು ನೆದರ್‌ಲ್ಯಾಂಡ್ಸ್ ಕಡೆ ಹೊರಟ. ಏನು ಮಾರಿದೆ, ಯಾರಿಗೆ ಸುಮ್ಮನೆ ಕೊಟ್ಟೆ, ಊಟಕ್ಕೆಷ್ಟು, ಜೂಜಿನಲ್ಲಿ ಕಳೆದದ್ದೆಷ್ಟು, ಎಲ್ಲ ದಿನಚರಿಯಲ್ಲಿದೆ. ಕೊನೆಗೆ ಲೆಕ್ಕ ನೋಡಿದರೆ ಅಲ್ಲಿನ ವ್ಯವಹಾರದಲ್ಲೆಲ್ಲ ನಷ್ಟ! ಅದರಲ್ಲೂ ಅಲ್ಲಿನ ಆಡಳಿತ ನಡೆಸುತ್ತಿದ್ದ ರಾಜಮನೆತನದ ಮಾರ್ಗರೆಟ್, ತಾನು ಕೊಟ್ಟದ್ದಕ್ಕೂ ಮಾಡಿದ್ದಕ್ಕೂ ಏನೂ ಕೊಡಲಿಲ್ಲ ಅಂತ ಹೆಸರು ಹಿಡಿದೇ ಬರೆದಿಟ್ಟಿದ್ದಾನೆ. 500 ವರ್ಷ ಕಳೆದರೂ ಆ ಬಾಕಿ ಪುಸ್ತಕದಲ್ಲಿ ಹಾಗೇ ಇದೆ.

ನಮಸ್ಕಾರ.