ಬ್ರೆಡ್‌ಬೋರ್ಡ್ ಆರಿಸುವ ಮುನ್ನ

ಕೇಳುಗರಿಗೆ ನಮಸ್ಕಾರ.

ಮೈಕ್ರೋಕಂಟ್ರೋಲರ್, ಅಂದರೆ ನಾವು ಬರೆದ ಪ್ರೋಗ್ರಾಂ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್, ಕಲಿಯಲು ಹೊರಟವರು ಬೋರ್ಡ್, ಸೆನ್ಸರ್‌ಗಳನ್ನು ಅಳೆದು ಸುರಿದು ಆರಿಸುತ್ತಾರೆ. ಬಿಡಿಭಾಗಗಳನ್ನು ಬೆಸುಗೆಯಿಲ್ಲದೆ ಚುಚ್ಚಿ ಜೋಡಿಸುವ ರಂಧ್ರಗಳ ಹಲಗೆ, ಅಂದರೆ ಬ್ರೆಡ್‌ಬೋರ್ಡ್ ಮಾತ್ರ ಕೈಗೆ ಸಿಕ್ಕಿದ್ದು. ಪ್ರೋಗ್ರಾಂನಲ್ಲಿ ತಪ್ಪಿಲ್ಲದಿದ್ದರೂ ಸರ್ಕ್ಯೂಟ್ ಒಮ್ಮೆ ನಡೆದು ಮತ್ತೊಮ್ಮೆ ಮುಷ್ಕರ ಹೂಡುತ್ತದೆಯೇ? ಬಹಳ ಸಲ ಕಾರಣ ಅಲ್ಲೇ ಇರುತ್ತದೆ.

ಬ್ರೆಡ್‌ಬೋರ್ಡ್‌ನಲ್ಲಿ ಐದೈದು ರಂಧ್ರಗಳ ಅಡಿಯಲ್ಲಿ ಒಂದೊಂದು ಲೋಹದ ಕ್ಲಿಪ್ ಇರುತ್ತದೆ. ಬೋರ್ಡಿನ ಯೋಗ್ಯತೆಯೆಲ್ಲ ಆ ಕ್ಲಿಪ್‌ನ ಹಿಡಿತದಲ್ಲಿದೆ. ವೈಫೈ ಇರುವ ಮೈಕ್ರೋಕಂಟ್ರೋಲರ್ ಸಂದೇಶ ಕಳುಹಿಸುವ ಕ್ಷಣದಲ್ಲಿ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ಸಡಿಲ ಕ್ಲಿಪ್ ಒಂದೇ ಓಮ್ ರೋಧ ಒಡ್ಡಿದರೂ, 300 ಮಿಲಿಆಂಪಿಯರ್ ಹರಿದಾಗ 0.3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. 3.3 ವೋಲ್ಟ್ ಮೂರಕ್ಕೆ ಇಳಿಯಿತು. ಅಂಥ ಸಂಪರ್ಕ ಇನ್ನೂ ಒಂದೆರಡಿದ್ದರೆ ಮೈಕ್ರೋಕಂಟ್ರೋಲರ್ ತಾನಾಗಿಯೇ ರೀಸೆಟ್ ಆಗುತ್ತದೆ. ನೀವೋ, ರಾತ್ರಿಯಿಡೀ ಪ್ರೋಗ್ರಾಂ ತಿದ್ದುತ್ತಾ ಕೂರುತ್ತೀರಿ.

ಹಾಗಾಗಿ ಮೊದಲು ಹಿಡಿತ ನೋಡಿ. ಸುಮಾರು 0.6 ಮಿಲಿಮೀಟರ್ ದಪ್ಪದ ಒಂಟಿ ಎಳೆಯ ತಂತಿಯನ್ನು ಮೂಲೆಯಲ್ಲಿ, ನಡುವೆ, ಅಂಚಿನಲ್ಲಿ ಚುಚ್ಚಿ. ತಂತಿ ಬಾಗದೆ ಇಳಿಯಬೇಕು. ಬೋರ್ಡನ್ನು ಬೋರಲು ಹಾಕಿ ಅಲುಗಿಸಿದರೂ ಉದುರಬಾರದು. ದಪ್ಪ ಕಾಲಿನ ಬಿಡಿಭಾಗಗಳನ್ನು ತುರುಕಿದ ರಂಧ್ರ ಮುಂದೆ ತೆಳು ತಂತಿಯನ್ನು ಹಿಡಿಯಲಾರದು, ನೆನಪಿರಲಿ.

ಅಳತೆಯ ವಿಚಾರ. 170, 400, 830 ರಂಧ್ರಗಳ ಬೋರ್ಡ್‌ಗಳು ಸಾಮಾನ್ಯ. ಆದರೆ ಎಣಿಸಬೇಕಾದದ್ದು ಮೈಕ್ರೋಕಂಟ್ರೋಲರ್ ಕೂರಿಸಿದ ಮೇಲೆ ಪ್ರತಿ ಪಿನ್ನಿನ ಪಕ್ಕದಲ್ಲಿ ಉಳಿಯುವ ರಂಧ್ರಗಳನ್ನು. ರಾಸ್ಪ್‌ಬೆರಿ ಪೈ ಪಿಕೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡ್ ಕೂರಿಸಿದರೆ ಎರಡೂ ಬದಿಗೆ ಎರಡೆರಡು ಉಳಿಯುತ್ತವೆ. ಇಎಸ್‌ಪಿ32 ಎಂಬ ವೈಫೈ ಮೈಕ್ರೋಕಂಟ್ರೋಲರ್‌ನ ಅಗಲವಾದ ಬೋರ್ಡ್ ಕೂರಿಸಿದರೆ ಒಂದು ಬದಿಗೆ ಒಂದೇ, ಇನ್ನೊಂದು ಬದಿಗೆ ಸೊನ್ನೆ. ಅದಕ್ಕೆ ಪರಿಹಾರ ಸುಲಭ: ಎರಡು ಬ್ರೆಡ್‌ಬೋರ್ಡ್‌ಗಳನ್ನು ಪಕ್ಕಪಕ್ಕ ಇಟ್ಟು, ಒಂದೊಂದು ಸಾಲಿನ ಪಿನ್‌ಗಳನ್ನು ಒಂದೊಂದರಲ್ಲಿ ಊರಿ. 400 ರಂಧ್ರಗಳ ಎರಡು ಬೋರ್ಡ್ ಕೊಳ್ಳುವುದು 830ರ ಒಂದಕ್ಕಿಂತ ಮೇಲು ಎಂದು ನಾನು ಹೇಳುವುದು ಇದಕ್ಕೇ.

830ರ ಬೋರ್ಡನ್ನೇ ಕೊಂಡರೆ ಅಂಚಿನಲ್ಲಿ ವಿದ್ಯುತ್ ಹಂಚುವ ಸಾಲುಗಳ ಕೆಂಪು, ನೀಲಿ ಗೆರೆಗಳನ್ನು ಗಮನಿಸಿ. ಕೆಲವದರಲ್ಲಿ ಗೆರೆ ನಡುವೆ ತುಂಡಾಗಿರುತ್ತದೆ. ಅಲ್ಲಿ ಒಳಗಿನ ಲೋಹವೂ ತುಂಡೇ. ಮಲ್ಟಿಮೀಟರ್‌ನಿಂದ ಖಚಿತಪಡಿಸಿಕೊಂಡು, ಸಣ್ಣ ತಂತಿ ಚುಚ್ಚಿ ಎರಡೂ ತುಂಡುಗಳನ್ನು ಜೋಡಿಸಿ.

ಮೋಟರಿನ ವಿದ್ಯುತ್ತನ್ನು ಮಾತ್ರ ಯಾವ ಬ್ರೆಡ್‌ಬೋರ್ಡ್ ಮೂಲಕವೂ ಹರಿಸಬೇಡಿ. ಅದನ್ನು ನೇರವಾಗಿ ಮೋಟರ್ ನಡೆಸುವ ಡ್ರೈವರ್ ಸರ್ಕ್ಯೂಟ್‌ಗೆ ಕೊಡಿ, ಗ್ರೌಂಡ್ (ಸೊನ್ನೆ ವೋಲ್ಟ್) ತಂತಿಯನ್ನಷ್ಟೇ ಮೈಕ್ರೋಕಂಟ್ರೋಲರ್‌ನ ಗ್ರೌಂಡ್‌ಗೆ ಜೋಡಿಸಿ.

ನಮಸ್ಕಾರ.